ಇರ್ಲಿ ಬಿಡಪ್ಪನವರ ಮೇನ್ ಸ್ವಿಚ್

ಕೂಡ್ಲಿಗಿಯಲ್ಲಿ ಇವರು ಹುಣಸೆಹಣ್ಣಿನ ವ್ಯಾಪಾರಿ, ಕೊಟ್ಟೂರಿನಲ್ಲಿ ಕಿರಾಣಿ ಅಂಗಡಿ ಯಜಮಾನರು, ಹಗರಿಬೊಮ್ಮನಹಳ್ಳಿಯಲ್ಲಿ ದಲ್ಲಾಳಿ, ಹಡಗಲಿಯಲ್ಲಿ ನಿವೃತ್ತ ಮೇಷ್ಟ್ರು. ಆಧಾರ್ ಕಾರ್ಡಿನಲ್ಲಿ ಹೆಸರು ಏನೇ ಇರಲಿ, ನನ್ನ ಪಾಲಿಗೆ ಎಲ್ಲರೂ ಇರ್ಲಿ ಬಿಡಪ್ಪನವರೇ. ಹರಪನಹಳ್ಳಿಯ ಇರ್ಲಿ ಬಿಡಪ್ಪನವರಂತೂ ಕೂತಲ್ಲೇ ಕೂತು ಬಳ್ಳಾರಿ ಜಿಲ್ಲೆಯಿಂದ ದಾವಣಗೆರೆಗೆ, ಅಲ್ಲಿಂದ ಮತ್ತೆ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ ಸೇರಿದವರು. ಪಡಸಾಲೆಯ ಮೇನ್ ಸ್ವಿಚ್ ಮಾತ್ರ ಇದ್ದ ಮೊಳೆಯಿಂದ ಕದಲಿಲ್ಲ.

ಕಬ್ಬಿಣದ ಪೆಟ್ಟಿಗೆ, ಬಲಗಡೆ ಹಿಡಿಕೆ. ಹಿಡಿಕೆಯ ಬಣ್ಣ ಹೋಗಿ ಕಬ್ಬಿಣ ಹೊಳೆಯುತ್ತದೆ. ಮುಚ್ಚಳದ ಮೇಲೆ ಆಯುಧಪೂಜೆಯ ವಿಭೂತಿಯ ಮೂರು ಪಟ್ಟೆ, ಒಣಗಿದ ಮಲ್ಲಿಗೆ. ಒಳಗೆ ಎರಡು ಪಿಂಗಾಣಿ ಫ್ಯೂಸು, ಮೂಲೆಯಲ್ಲಿ ಹಲ್ಲಿಮೊಟ್ಟೆಯ ಸಿಪ್ಪೆ.

ಮಗ ಎ.ಸಿ. ತಂದ. ಅದರ ಹಿಂದೆಯೇ ಮೀಟರಿನ ಪಕ್ಕಕ್ಕೆ ಹೊಸ ಡಿ.ಬಿ. (ಡಿಸ್ಟ್ರಿಬ್ಯೂಷನ್ ಬೋರ್ಡ್) ಬಂತು: ಸಾಲಾಗಿ ಎಂಸಿಬಿ, ಫೇಸು-ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕಡಿಯುವ ಐಸೊಲೇಟರ್, 30 ಮಿಲಿಆಂಪ್ ಸೋರಿದರೂ ಬಿದ್ದುಬಿಡುವ ಆರ್‌ಸಿಸಿಬಿ.

"ಯಜಮಾನ್ರೆ, ಇನ್ನ ಹಳೇದು ಬಿಚ್ಚಿಬಿಡಾಮೇನ್ರಿ?" ಎಂದ ವೈರ್‌ಮನ್.

"ಇರ್ಲಿ ಬಿಡಪ್ಪ. ಅದೇನು ಅನ್ನ ಕೇಳ್ತೈತೇನು?"

"ಒಳಗಿನ ಬ್ಲೇಡು ಸಡ್ಲ ಆಗ್ಯಾವ್ರಿ. ಎ.ಸಿ. ಲೋಡಿಗೆ ಕಾಯ್ತಾವು."

"ನಿನ್ ಹೊಸಾದು ನಿನ್ನೆಯಿಂದ ಎರಡು ಸಲ ಬಿತ್ತು. ಇದು ಕೆಇಬಿ ಕಾಲದಾಗಿಂದ ಒಂದ್ ಸಲನಾರ ಬಿದ್ದೈತೇನು?"

ಹೊಸದು ಬಿದ್ದದ್ದು ಬಚ್ಚಲಿನ ಹಳೇ ಗೀಸರ್ ಕರೆಂಟು ಸೋರುತ್ತಿದ್ದುದಕ್ಕೆ. ಕೆಇಬಿ 1999ರಲ್ಲೇ ಕೆಪಿಟಿಸಿಎಲ್ ಆದದ್ದೂ ಇವರ ಲೆಕ್ಕಕ್ಕಿಲ್ಲ. (ನಮ್ಮ ಕಡೆ ಯಾರ ಲೆಕ್ಕಕ್ಕೂ ಇಲ್ಲ, ಬಿಡಿ.)

ಹಳೆಯದು ಯಾಕೆ ಬೀಳಲಿಲ್ಲ ಎಂಬುದನ್ನು ವೈರ್‌ಮನ್ ಫ್ಯೂಸು ಎಳೆದು ತೋರಿಸಿದ. ಕೂದಲೆಳೆಯಂಥ ತಂತಿ ಇರಬೇಕಾದ ಕಡೆ ಪಂಪ್‌ಸೆಟ್ ಕೇಬಲಿನ ಎಳೆಗಳನ್ನು ಹೊಸೆದು ಸುತ್ತಿತ್ತು. ಅದು ಸುಡಬೇಕಾದರೆ ಮೊದಲು ಮನೆ ಸುಡಬೇಕು. ಸಾಲದ್ದಕ್ಕೆ ನ್ಯೂಟ್ರಲ್ಲಿಗೂ ಒಂದು ಫ್ಯೂಸು. ಅದೊಂದೇ ಹೋದರೆ ಬಲ್ಬು ಆರುತ್ತದೆ, ಫ್ಯಾನು ನಿಲ್ಲುತ್ತದೆ, ವೈರಿನಲ್ಲಿ ಕರೆಂಟು ಮಾತ್ರ ಹಾಗೇ ಇರುತ್ತದೆ. ಕರೆಂಟ್ ಹೋಗಿದೆಯೆಂದು ಹೋಲ್ಡರಿಗೆ ಕೈ ಹಾಕಿದವನ ಗತಿ ದೇವರಿಗೇ ಗೊತ್ತು.

ಯಜಮಾನರ ಪರವಾಗಿಯೂ ಒಂದು ಮಾತು ಹೇಳಬೇಕು. ಮೀಟರು ಹೊರಗೋಡೆಯಲ್ಲಿದ್ದು ಡಿ.ಬಿ. ಒಳಮನೆಯಲ್ಲಿದ್ದರೆ, ನಡುವಿನ ವೈರನ್ನು ಕಡಿಯಲು ಮೀಟರಿನ ಬಳಿ ಒಂದು ಸ್ವಿಚ್ ಬೇಕೇ ಬೇಕು. ಆದರೆ ಇಲ್ಲಿ ಅವೆರಡೂ ಅಕ್ಕಪಕ್ಕದಲ್ಲೇ ಇವೆ; ಇಲ್ಲದಿದ್ದರೂ ಅದು ವಿಭೂತಿ ಹಚ್ಚಿಕೊಂಡ ಈ ಪೆಟ್ಟಿಗೆಯೇ ಆಗಬೇಕೆಂದಿಲ್ಲ.

ಕೊನೆಗೆ, "ಮಾವಾರೇ, ಅದ್ರಾಗಿಂದ ಸುಟ್ಟ ವಾಸ್ನಿ ಬರ್ತೈತ್ರಿ" ಎಂದು ಸೊಸೆ ಹೇಳಿದ ಮೇಲೆ ಒಪ್ಪಿದರು. ಬಿಚ್ಚಿದ್ದನ್ನು ಗುಜರಿಗೆ ಕೊಡಲಿಲ್ಲ. ಹೆಗಲ ಟವೆಲಿನಲ್ಲಿ ಒರೆಸಿ, "ಹೊಲದ ಬೋರಿಗೆ ಹಾಕಾಮು" ಎಂದರು.

"ಬೋರಿಗೆ ಮೂರು ಫೇಸಿಂದು ಬೇಕ್ರಿ ಯಜಮಾನ್ರೆ. ಇದು ಒಂದು ಫೇಸಿಂದು."

ಯಜಮಾನರು ಪೆಟ್ಟಿಗೆ ತಿರುಗಿಸಿ ಮುರುಗಿಸಿ ನೋಡಿದರು.

"ಹಂಗಾರೆ ತಮ್ಮಾ, ಇಂಥವು ಇನ್ನೆರಡು ಎಲ್ಲಾರ ಸಿಗ್ತಾವೇನು ನೋಡು."