ಹರಿವಾಣದ ಸಂದರ್ಶನ: ವಿಷಯ ತಿಂಡಿ, ತಕರಾರು ಎಂಜಲು

ಹರಿವಾಣ ಎಂದರೆ ಅಂಚು ಎತ್ತಿದ, ಅಗಲವಾದ ಹಿತ್ತಾಳೆ ತಟ್ಟೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸ ಕಡೆಯ ಹಳೆಯ ಮನೆಗಳಲ್ಲಿ ಅದಕ್ಕಿದ್ದ ಕೆಲಸ ಆರತಿ, ತಾಂಬೂಲ, ಮದುವೆಯ ಹಣ್ಣುಕಾಯಿ. ಹೋಮ್‌ಸ್ಟೇಗಳು ಬಂದ ಮೇಲೆ ಅಟ್ಟದಿಂದ ಇಳಿದು, ‘ಮಲೆನಾಡು ಪ್ಲ್ಯಾಟರ್’ ಎಂಬ ಹೆಸರು ಹೊತ್ತು ಆರೆಂಟು ಅತಿಥಿಗಳ ನಡುವೆ ಕೂರುತ್ತಿದೆ. ಈ ಬಡ್ತಿಯ ಬಗ್ಗೆ ಅಂಕಣಕಾರನೊಬ್ಬ ಅದನ್ನು ಮಾತಾಡಿಸಿದ. ಕೇಳಬೇಕಿದ್ದದ್ದು ತಿಂಡಿ ಜೋಡಿಸುವ ಕ್ರಮ. ಆತನಿಗೆ ಚಿಕೋರಿಯ ಮೇಲೆ ಹಳೆಯ ಹಗೆ ಇರುವುದರಿಂದ ಸಂದರ್ಶನ ಅಲ್ಲಲ್ಲಿ ದಾರಿ ತಪ್ಪಿದೆ.

ಜೋಡಣೆ ಶುರುವಾಗುವುದು ಬಾಳೆಲೆಯಿಂದ. ಕಲಾಯಿ ಹೋದ ಹಿತ್ತಾಳೆಗೆ ಹುಳಿ ತಾಗಿದರೆ ಕಿಲುಬು ಏಳುತ್ತದೆ. ಅದಕ್ಕೇ ಬಾಡಿಸಿದ ಎಲೆ ಹಾಸಿ, ಕಾಯಿಚಟ್ನಿ, ಪಲ್ಯ, ಜೇನುತುಪ್ಪಗಳಿಗೆ ಬೇರೆ ಬೇರೆ ಬಟ್ಟಲು ಇಡಬೇಕು. ನಂತರ ಕಡುಬು. ಅಕ್ಕಿ ತರಿಯನ್ನು ಉಪ್ಪುನೀರಿನಲ್ಲಿ ಬೇಯಿಸಿ, ಸುಡುವಾಗಲೇ ಕೈಗೆ ತಣ್ಣೀರು ಮುಟ್ಟಿಸಿಕೊಂಡು ಉಂಡೆ ಕಟ್ಟಿ, ಹಬೆಯಲ್ಲಿ ಇಟ್ಟ ಕಡುಬು ಸ್ವಲ್ಪ ಹೊತ್ತು ಕಾಯುತ್ತದೆ. ಅಕ್ಕಿರೊಟ್ಟಿಗೆ ಆ ತಾಳ್ಮೆ ಇಲ್ಲ. ಕೆಂಡದ ಮೇಲೆ ಉಬ್ಬಿ ಬಂದದ್ದು ಆರಿತೆಂದರೆ ಚರ್ಮ. ಆದ್ದರಿಂದ ರೊಟ್ಟಿ ಬರಬೇಕಾದ್ದು ಎಲ್ಲರೂ ಕೂತ ಮೇಲೆ, ಬಿಸಿಬಿಸಿಯಾಗಿ, ಒಂದೊಂದೇ. ಫೋಟೊಕ್ಕೆ ಚೆಂದವೆಂದು ಅದನ್ನು ಮೊದಲೇ ಬೀಸಣಿಗೆಯಂತೆ ಹರಡಿಡುವವರು ಕಡುಬಿನ ನಡುವೆ ದ್ರಾಕ್ಷಿಗೊಂಚಲನ್ನೂ ಇಡುತ್ತಾರೆ. ಅವರ ಬಗ್ಗೆ ಇಲ್ಲಿ ಚರ್ಚೆ ಬೇಡ.

ಈ ಕ್ರಮ ಸರಿಯೇ ಎಂದು ಕೇಳಿದಾಗ ಹರಿವಾಣ ಕೊಟ್ಟ ಉತ್ತರ: “ಎಂಜಲು ಮಾರಾಯ್ರೆ, ಎಂಜಲು! ನಾನು ಬಡಿಸುವ ಪಾತ್ರೆ. ನನ್ನಿಂದ ಎಲೆಗೆ, ಎಲೆಯಿಂದ ಬಾಯಿಗೆ. ಈಗ ಕಡುಬು ಮುರಿದು ಚಟ್ನಿಗೆ ಅದ್ದುತ್ತಾರೆ, ಕಚ್ಚುತ್ತಾರೆ, ಉಳಿದ ತುಂಡನ್ನು ಮತ್ತೆ ಅದೇ ಚಟ್ನಿಗೆ ಅದ್ದುತ್ತಾರೆ. ಹೊರನಾಡಿನಲ್ಲಿ ಅನ್ನಪೂರ್ಣೇಶ್ವರಿ ಬಂದವರಿಗೆಲ್ಲ ಊಟ ಹಾಕುತ್ತಾಳೆ. ಅಲ್ಲಿ ಯಾರಾದರೂ ಪಕ್ಕದವರ ಊಟಕ್ಕೆ ಕೈ ಹಾಕಿದ್ದು ನೋಡಿದ್ದೀರಾ?”

ಕಳಲೆ ಪಲ್ಯದ ಪ್ರಶ್ನೆಗೂ ಇದೇ ಉತ್ತರ ಬಂತು. ಕಳಲೆ ಮಳೆಗಾಲದ್ದು. ಹೆಚ್ಚಿ, ನೀರು ಬದಲಿಸುತ್ತ ದಿನಗಟ್ಟಲೆ ನೆನೆಸಿ ವಿಷ ತೆಗೆಯದೆ ಬೇಯಿಸುವಂತಿಲ್ಲ. ಪತ್ರೊಡೆಯ ಕೆಸುವಿನ ಎಲೆಯೂ ಮಳೆಗೇ ಚಿಗುರುವಂಥದ್ದು. ಇವೆರಡನ್ನೂ ಏಪ್ರಿಲ್‌ನಲ್ಲಿ ಕೇಳುವ ಅತಿಥಿಗಳ ಬಗ್ಗೆ ಹರಿವಾಣಕ್ಕೆ ದೂರೇ ಇಲ್ಲ.

ಕೊನೆಗೆ ಕಾಫಿ. ಅಂಕಣಕಾರ ಕಾದಿದ್ದು ಇದಕ್ಕೇ. ಬಾಬಾ ಬುಡನ್ ಮೋಕಾದಿಂದ ಏಳು ಬೀಜ ತಂದರೆಂದು ಐತಿಹ್ಯ ಹೇಳುವ ಬೆಟ್ಟ ಇಲ್ಲೇ ಇದೆ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರದ್ದು. ಚಿಕ್ಕಮಗಳೂರು ಅರೇಬಿಕಾಕ್ಕೂ ಬಾಬಾಬುಡನ್‌ಗಿರಿ ಅರೇಬಿಕಾಕ್ಕೂ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ. ದೇಶದ ಕಾಫಿಯಲ್ಲಿ ಸುಮಾರು ಶೇ. 70ರಷ್ಟು ಕರ್ನಾಟಕದ್ದು. ಆದರೂ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ. 51 ಇದ್ದರೆ ಕಾನೂನಿಗೆ ಸಾಕು. ಮಿಕ್ಕದ್ದು ಗುಜರಾತಿನ ಕಡೆ ಬೆಳೆವ ಗಿಡದ ಹುರಿದ ಬೇರು. ಕಿಟಕಿಯಾಚೆ ಅರೇಬಿಕಾ ಹೂಬಿಟ್ಟಿರುವಾಗ ಲೋಟದಲ್ಲಿ ಬೇರಿನ ಕಷಾಯ ಕೊಡುವುದು ಯಾವ ಅತಿಥಿಸತ್ಕಾರ ಎಂದು ಆತ ಏರುದನಿಯಲ್ಲಿ ಕೇಳಿದ. ಕಾಫಿಯನ್ನು ಎತ್ತಿ ಕುಡಿಯುತ್ತಾರೋ ಕಚ್ಚಿ ಕುಡಿಯುತ್ತಾರೋ ಎಂದು ಹರಿವಾಣ ತಿರುಗಿ ಕೇಳಿತು.

ರೊಟ್ಟಿ ಬೇಯಿಸುವವರು ತಿನ್ನುವುದು ಯಾವಾಗ ಎಂಬ ಪ್ರಶ್ನೆ ಬಂದದ್ದು ಇದಾದ ಮೇಲೆ. ಆಗ ಹರಿವಾಣದ ಮಾತಿನಲ್ಲಿ ‘ಮಾರಾಯ್ರೆ’ ಇರಲಿಲ್ಲ. “ಲೈನ್ ಮನೆಯಿಂದ ಐದು ಗಂಟೆಗೆ ಬರುತ್ತಾಳೆ. ಎಂಟಕ್ಕೆ ಹೇಳಿದ ತಿಂಡಿಗೆ ಅತಿಥಿಗಳು ಏಳುವುದು ಹತ್ತೂವರೆಗೆ. ಮೊದಲು ಮಾಡಿದ್ದು ಆರಿತೆಂದು ಎರಡನೇ ಸಲ ಒಲೆ ಹಚ್ಚುತ್ತಾಳೆ. ಅದರಲ್ಲೂ ಅರ್ಧ ಗೊಬ್ಬರದ ಗುಂಡಿಗೆ. ಅವಳು ಹನ್ನೊಂದೂವರೆಗೆ, ನಿಂತುಕೊಂಡೇ, ಗಟ್ಟಿಯಾದ ರೊಟ್ಟಿಯನ್ನು ಚಹಾದಲ್ಲಿ ನೆನೆಸಿ ತಿನ್ನುತ್ತಾಳೆ. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ತೋಟದ ಆಳಿಗೆ ಕೆಲಸದ ಗಂಟೆ, ವಾರದ ರಜೆ ಎಂದಾದರೂ ಬರೆದಿತ್ತು. ಈ ಒಲೆಯ ಮುಂದೆ ಯಾವ ಗಂಟೆ? ‘ಅಜ್ಜಿಯ ಕೈರುಚಿ’ ಎಂದು ಬಿಲ್ಲಿಗೆ ಸೇರಿಸುತ್ತೀರಲ್ಲ, ಯಾವ ಅಜ್ಜಿ? ಆ ಕೈ ಯಾರದು ಎಂದು ಒಬ್ಬರಾದರೂ ಅಡುಗೆಮನೆಗೆ ಬಂದು ನೋಡಿದಿರಾ?”

ಅಂಕಣಕಾರ ಇದಕ್ಕೆ ಏನೂ ಹೇಳಿದಂತಿಲ್ಲ.

ಉಳಿದದ್ದು ತೊಳೆಯುವ ಕೆಲಸ. ಎಲೆ ತೆಗೆದು, ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ, ಕೂಡಲೇ ಒರೆಸಬೇಕು. ನೀರು ನಿಂತರೆ ಕಲೆ ಬೀಳುತ್ತದೆ. ಮುಂದಿನ ಶನಿವಾರಕ್ಕೆ ಎಂಟು ಜನರ ಬುಕಿಂಗ್ ಇದೆ. ಅಂಕಣಕಾರ ಅದಕ್ಕೆಂದು ಅರ್ಧ ಕಿಲೋ ಚಿಕೋರಿ ಇಲ್ಲದ ಪುಡಿ ಕೊಟ್ಟು ಹೋಗಿದ್ದಾನೆ. ಹರಿವಾಣ ಕೇಳಿದ್ದು ಒಂಬತ್ತು ತಟ್ಟೆ, ಒಂಬತ್ತನೆಯದು ಅಡುಗೆಮನೆಗೆ.