ಮಕಾರತ್ರಯ ಸಾಮರ್ಥ್ಯ ಮೀಮಾಂಸೆ

ಮಾಡಿದ ಕೆಲಸವನ್ನು ಹಿಡಿದ ಕಾಲದಿಂದ ಭಾಗಿಸಿದರೆ ಬರುವುದೇ ಸಾಮರ್ಥ್ಯ. ಒಂದು ಜೂಲ್ ಕೆಲಸ ಒಂದು ಸೆಕೆಂಡಿನಲ್ಲಿ ಮುಗಿದರೆ ಒಂದು ವಾಟ್. ಹೈಸ್ಕೂಲು ವಿಜ್ಞಾನದ ಈ ಸೂತ್ರಕ್ಕೆ ಭಾಷ್ಯ ಬರೆದವರೆಲ್ಲ ಸಮುದ್ರದಾಚೆಯವರು. ಹಾಗಾಗಿ ಮಂಡ್ಯ, ಮದ್ದೂರು, ಮಳವಳ್ಳಿ ಎಂಬ ಮಕಾರತ್ರಯ ಕ್ಷೇತ್ರಕ್ಕೆ ಶಾಸ್ತ್ರದಲ್ಲಿ ಸಲ್ಲಬೇಕಾದ ಸ್ಥಾನ ಸಂದಿಲ್ಲ. ಆ ಲೋಪವನ್ನು ತುಂಬುವುದಕ್ಕೆ ಈ ಗ್ರಂಥ.

ಮೊದಲಿಗೆ ಜೇಮ್ಸ್ ವಾಟ್ ಮಹಾಶಯರ ವಿಚಾರ. ಅವರು ತಮ್ಮ ಉಗಿಯಂತ್ರ ಮಾರುವ ಭರದಲ್ಲಿ ಕುದುರೆಯೊಂದು ನಿಮಿಷಕ್ಕೆ 33,000 ಅಡಿ-ಪೌಂಡ್ ಕೆಲಸ ಮಾಡುತ್ತದೆ ಎಂದು ನಿಗದಿ ಮಾಡಿದರು. ಅದೇ ಇವತ್ತಿನ 746 ವಾಟ್, ನಮ್ಮ ಪಂಪ್‌ಸೆಟ್ಟಿನ ಒಂದು ಎಚ್.ಪಿ. ಅವರು ತೀರಿಕೊಂಡ 63 ವರ್ಷಗಳ ಮೇಲೆ, 1882ರಲ್ಲಿ, ಮಾನಕ್ಕೆ ಅವರದೇ ಹೆಸರಿಟ್ಟರು. ಅವರೇನಾದರೂ ನಮ್ಮ ಸೀಮೆಯ ಆಲೆಮನೆಗೆ ಬಂದಿದ್ದರೆ ಎತ್ತನ್ನು ನೋಡಿರುತ್ತಿದ್ದರು, ನಾವೆಲ್ಲ ಹತ್ತು ಎತ್ತಿನ ಮೋಟರಿಗೆ ಅರ್ಜಿ ಹಾಕುತ್ತಿದ್ದೆವು.

ಇಲ್ಲಿ ಪೂರ್ವಪಕ್ಷಿಯೊಬ್ಬ ಎದ್ದು ನಿಲ್ಲುತ್ತಾನೆ: ಕೆಲಸವೆಂದರೆ ಬಲ ಗುಣಿಸು ಸ್ಥಾನಪಲ್ಲಟ, ಗಾಣದ ಎತ್ತು ಬೆಳಗಿನಿಂದ ಸುತ್ತಿ ಸಂಜೆಗೆ ಹೊರಟಲ್ಲೇ ಬಂದು ನಿಂತಿದೆ, ಆದ್ದರಿಂದ ಅದು ಮಾಡಿದ ಕೆಲಸ ಸೊನ್ನೆ. ಉತ್ತರ ಕೊಪ್ಪರಿಗೆಯಲ್ಲಿ ಕುದಿಯುತ್ತಿದೆ. ಎತ್ತು ಇಡುವ ಒಂದೊಂದು ಹೆಜ್ಜೆಯಲ್ಲೂ ಎಳೆತ ಯಾವ ದಿಕ್ಕಿಗೋ ನಡಿಗೆ ಅದೇ ದಿಕ್ಕಿಗೆ. ಹೆಜ್ಜೆ ಹೆಜ್ಜೆಯ ಕೆಲಸವನ್ನು ಕೂಡಬೇಕೇ ಹೊರತು ಹೊರಟ ಜಾಗಕ್ಕೂ ತಲುಪಿದ ಜಾಗಕ್ಕೂ ಗೆರೆ ಎಳೆದು ಎತ್ತಿನ ಹೊಟ್ಟೆಯ ಮೇಲೆ ಹೊಡೆಯಬಾರದು.

ಮದ್ದೂರಿನಲ್ಲಿ ಪ್ರಶ್ನೆ ತಿರುಗುಮುರುಗಾಗುತ್ತದೆ. ಹಳೆಯ ಉಗಿಬಂಡಿ ನೀರು ತುಂಬಿಸಿಕೊಳ್ಳಲು ಇಲ್ಲಿ ನಿಲ್ಲುತ್ತಿದ್ದಾಗ ವಡೆ ವ್ಯಾಪಾರ ಕುದುರಿತೆಂಬುದು ಐತಿಹ್ಯ. ವಡೆಯವನು ಹತ್ತು ಕಿಲೋ ಬುಟ್ಟಿಯನ್ನು ಎರಡು ಸೆಕೆಂಡಿನಲ್ಲಿ ಒಂದು ಮೀಟರ್ ಎತ್ತಿ ಬೋಗಿಯ ಬಾಗಿಲಿಗೆ ಇಟ್ಟನೆನ್ನಿ. ಹತ್ತು, 9.8, ಒಂದು, ಗುಣಿಸಿದರೆ 98 ಜೂಲ್. ಎರಡರಿಂದ ಭಾಗಿಸಿದರೆ 49 ವಾಟ್. ನಮ್ಮ ಮನೆಯ ಹಳೇ ಫ್ಯಾನು ಇದಕ್ಕಿಂತ ಹೆಚ್ಚು ತಿನ್ನುತ್ತದೆ, ಗಾಳಿಯನ್ನೂ ಕೊಡುವುದಿಲ್ಲ. ಆಮೇಲೆ ಅದೇ ಬುಟ್ಟಿ ಹೊತ್ತು, ಈರುಳ್ಳಿಯಂಚು ಕರಿದು ಕಂದಾದ ವಡೆಗಳಿಂದ ಎಣ್ಣೆ ಜಿನುಗಿ ಪೇಪರು ಒದ್ದೆಯಾಗುತ್ತಿರಲು, ಅವನು ಕಾಲುಗಳ ನಡುವೆ, ಲಗೇಜಿನ ಮೇಲೆ, ಒಂದು ಬೋಗಿಯಿಂದ ಇನ್ನೊಂದಕ್ಕೆ ನುಗ್ಗುತ್ತಾನೆ. ಬುಟ್ಟಿಯ ಭಾರ ಕೆಳಮುಖ, ಅವನ ನಡಿಗೆ ಅಡ್ಡಕ್ಕೆ. ಭಾರದ ವಿರುದ್ಧ ಅವನು ಮಾಡಿದ ಕೆಲಸ ಶೂನ್ಯವೆಂದು ಪುಸ್ತಕ ತೀರ್ಪು ಕೊಡುತ್ತದೆ. ಪುಸ್ತಕ ಸರಿ. ಆದರೆ ಇದನ್ನು ಅವನ ಮುಂದೆ ಹೇಳುವ ಧೈರ್ಯವಿರುವ ಭೌತಶಾಸ್ತ್ರಜ್ಞ ಇನ್ನೂ ಹುಟ್ಟಿಲ್ಲ.

ಮಳವಳ್ಳಿ ತಾಲ್ಲೂಕಿನದು ದೊಡ್ಡ ಲೆಕ್ಕ. ಶಿವನಸಮುದ್ರದಲ್ಲಿ ಕಾವೇರಿ ಸಾವಿರಾರು ವರ್ಷ ಪುಗಸಟ್ಟೆ ಬೀಳುತ್ತಿದ್ದಳು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಆ ಬೀಳುವಿಕೆಗೆ ಗಡಿಯಾರ ಕಟ್ಟುವ ಯೋಜನೆ ಹುಟ್ಟಿತು. 1902ರಲ್ಲಿ ಕರೆಂಟು ಹೊರಟು ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿಗೆ. ಸೆಕೆಂಡಿಗೆ ಒಂದು ಘನ ಅಡಿ ನೀರು, ಅಂದರೆ 28.3 ಲೀಟರ್, ನೂರು ಮೀಟರ್ ಇಳಿದರೆ ಸುಮಾರು 27,700 ವಾಟ್, ಸೋರಿಕೆ ಬಿಟ್ಟರೆ 37 ಕುದುರೆ. ನೀರು ಇಳಿದದ್ದು ಮಳವಳ್ಳಿಯಲ್ಲಿ, ಚಿನ್ನ ಏರಿದ್ದು ಕೋಲಾರದಲ್ಲಿ, ದೀಪ ಹತ್ತಿದ್ದು ಬೆಂಗಳೂರಿನಲ್ಲಿ. ಕೆಲಸ ಮಾಡಿದವನೂ ಫಲ ಉಂಡವನೂ ಬೇರೆಬೇರೆ ಎಂಬ ಸಿದ್ಧಾಂತಕ್ಕೆ ಇದಕ್ಕಿಂತ ದೊಡ್ಡ ಪ್ರಮಾಣ ಬೇಡ.

ಇನ್ನು ಗ್ರಂಥದ ಹೃದಯಭಾಗ. ಮೊತ್ತ ಬೇರೆ, ದರ ಬೇರೆ; ಕೆಲಸ ಮೊತ್ತ, ಸಾಮರ್ಥ್ಯ ದರ. ಈ ಒಂದು ಭೇದ ತಲೆಗೆ ಹತ್ತದೆ ಲೋಕದ ಮಕ್ಕಳೆಲ್ಲ ಫೇಲಾಗುತ್ತಾರೆ. ಮಂಡ್ಯದಲ್ಲಿ ಇದನ್ನು ಟೀ ಅಂಗಡಿಯ ಬೆಂಚು ಕಲಿಸುತ್ತದೆ. ನೂರು ಕೋಟಿ ಘನ ಅಡಿಯ ಟಿಎಂಸಿ ಮೊತ್ತ, ಸೆಕೆಂಡಿಗೆ ಒಂದು ಘನ ಅಡಿಯ ಕ್ಯೂಸೆಕ್ ದರ. ನೂರು ಕೋಟಿ ಘನ ಅಡಿಯನ್ನು ದಿನದ 86,400 ಸೆಕೆಂಡಿನಿಂದ ಭಾಗಿಸಿದರೆ 11,574; ಹನ್ನೊಂದೂವರೆ ಸಾವಿರ ಕ್ಯೂಸೆಕ್ ದಿನವೆಲ್ಲ ಹರಿದರೆ ಒಂದು ಟಿಎಂಸಿ ಖಾಲಿ. 2016ರ ಸೆಪ್ಟೆಂಬರ್ 5ರಂದು ಸುಪ್ರೀಂ ಕೋರ್ಟು ತಮಿಳುನಾಡಿಗೆ ಹತ್ತು ದಿನ 15,000 ಕ್ಯೂಸೆಕ್ ಕಾವೇರಿ ನೀರು ಬಿಡಿ ಎಂದಾಗ ಕ್ಯಾಲ್ಕುಲೇಟರ್ ಹುಡುಕಬೇಕಾದದ್ದು ಬೇರೆ ಊರಿನವರು. ಇಲ್ಲಿನ ಬೆಂಚು ಮಾತ್ರ ಟೀ ಆರುವ ಮೊದಲೇ ತೀರ್ಪು ಹೇಳುವಂಥದ್ದು: “ಹದಿಮೂರು ಟಿಎಂಸಿ ಹೋಯ್ತದೆ ಕಣ್ಲಾ!” ಕರಾರುವಾಕ್ಕಾಗಿ 12.96. ದರವನ್ನು ಕಾಲದಿಂದ ಗುಣಿಸಿ ಮೊತ್ತ ತೆಗೆಯುವ ಈ ವಿದ್ಯೆಗೇ ಮೇಷ್ಟ್ರು ಮೂರು ಪಿರಿಯಡ್ ತೆಗೆದುಕೊಳ್ಳುತ್ತಾರೆ. ಇನ್ನು ವಿಶ್ವೇಶ್ವರಯ್ಯ ನಾಲೆಯ ಕೊನೆಭಾಗದ ರೈತನಿಗಂತೂ ಛೇದದಲ್ಲಿರುವ ಕಾಲವೊಂದೇ ಅನುಭವಕ್ಕೆ ಬಂದಿರುವುದು. ಅಂಶದಲ್ಲಿರುವ ನೀರು ಮೇಲಿನವರ ಗದ್ದೆಯಲ್ಲಿ ನಿಂತಿರುತ್ತದೆ.

ನೀರು ಬಿಡಿ ಎಂಬ ಇಂಥ ಆದೇಶ ಬಂದಾಗ ಹೆದ್ದಾರಿ ತಡೆ ನಡೆಯುತ್ತದೆ. ಎತ್ತಿನಗಾಡಿ, ಟ್ರ್ಯಾಕ್ಟರು, ಘೋಷಣೆ. ಬಲ ಅಪಾರ, ಒಂದು ಬಸ್ಸೂ ಇಂಚು ಅಲುಗಿಲ್ಲ. ಸೂತ್ರದ ಪ್ರಕಾರ ಕೆಲಸ ಸೊನ್ನೆ. ಆದರೂ ವಿಧಾನಸೌಧದಲ್ಲಿ ತುರ್ತು ಸಭೆ ಸೇರುತ್ತದೆ. ಸೊನ್ನೆಯನ್ನು ಕಾಲದಿಂದ ಭಾಗಿಸಿದರೆ ಸಭೆ ಹೇಗೆ ಬರುತ್ತದೆ ಎಂಬುದನ್ನು ನ್ಯೂಟನ್ನರೇ ವಿವರಿಸಬೇಕು.

ಕಾಲ ಇಳಿದರೆ ಸಾಮರ್ಥ್ಯ ಏರುತ್ತದೆ ಎಂಬ ಉಪಸಿದ್ಧಾಂತವೂ ಮದ್ದೂರಿನಲ್ಲಿ ಮಗುಚಿ ಬಿತ್ತು. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮೂರು ಗಂಟೆಯ ಹಾದಿಯನ್ನು ಅರ್ಧಕ್ಕಿಂತ ಕಡಿಮೆ ಹೊತ್ತಿನದಾಗಿ ಮಾಡುತ್ತದೆಂದು ಸರ್ಕಾರ ಹೇಳಿತು. ಕಾರುಗಳ ಸಾಮರ್ಥ್ಯ ಏರಿತು. ಬೈಪಾಸಿನ ಮೇಲೆ ಹಾರಿದ ಕಾರು ಊರೊಳಗೆ ಇಳಿಯದೆ ಹಳೇ ರಸ್ತೆಯ ಹೋಟೆಲಿನ ವ್ಯಾಪಾರ ಇಳಿಯಿತು.

ಪ್ರಶ್ನೆಪತ್ರಿಕೆ ತೆಗೆಯುವ ಮಹನೀಯರಲ್ಲಿ ಒಂದೇ ವಿನಂತಿ. ಲೆಕ್ಕಗಳಲ್ಲಿ ಪೆಟ್ಟಿಗೆ ತಳ್ಳುವ ರವಿಗೆ ನಿವೃತ್ತಿ ಕೊಡಿ. 5,000 ಕ್ಯೂಸೆಕ್ 15 ದಿನ ಹರಿದರೆ ಎಷ್ಟು ಟಿಎಂಸಿ ಎಂದು ಕೇಳಿ. ಉತ್ತರ 6.48. ಬರೆಯದ ಮಂಡ್ಯದ ಹುಡುಗನಿಗೆ ಗ್ರೇಸ್ ಮಾರ್ಕ್ಸ್ ಕೊಡಬೇಡಿ.