ಇನ್ನೊಂದೇ ಒಂದು ಪಾರ್ಟು

ಭಾನುವಾರ ಬೆಳಕು ಹರಿಯುವ ಮೊದಲೇ ಬಳ್ಳಾರಿ ರಸ್ತೆ ಹಿಡಿದು ನಂದಿ ಕಡೆ ಬರುವ ಬೆಂಗಳೂರಿನ ಸೈಕಲ್ ಸವಾರರಲ್ಲಿ ಎರಡು ಜಾತಿ. ತೆಳ್ಳನೆ ಟೈರಿನವರು ತಲೆ ಬಗ್ಗಿಸಿಕೊಂಡು ಬರುತ್ತಾರೆ, ಬೆಟ್ಟ ಹತ್ತುತ್ತಾರೆ, ಇಳಿಯುತ್ತಾರೆ, ಇಡ್ಲಿ ತಿಂದು ಹೊರಟುಹೋಗುತ್ತಾರೆ. ಅವರ ಮೇಲೆ ಹಾಸ್ಯ ಬರೆಯಲು ಬರುವುದಿಲ್ಲ. ಎರಡನೆಯ ಜಾತಿಯವರು ಕಾರಿನಲ್ಲಿ ಬರುತ್ತಾರೆ. ಮುದ್ದೇನಹಳ್ಳಿ ಹತ್ತಿರ ನೆರಳು ನೋಡಿ ಕಾರು ನಿಲ್ಲಿಸಿ, ಡಿಕ್ಕಿ ತೆರೆದು, ಬಾಣಂತಿ ಕೋಣೆಯಿಂದ ಕೂಸನ್ನು ತರುವ ಹಾಗೆ ಮಡಚಿದ ಸೈಕಲ್ಲೊಂದನ್ನು ಎರಡೂ ಕೈಯಲ್ಲಿ ಎತ್ತಿ ಇಳಿಸುತ್ತಾರೆ. ಇವರೇ ನಮ್ಮ ಮಹಾಶಯರು.

ವಯಸ್ಸು ನಲವತ್ತರ ಆಚೀಚೆ, ಉದ್ಯೋಗ ಸಾಫ್ಟ್‌ವೇರು. ಡಾಕ್ಟರು ‘ದಿನಾ ಸ್ವಲ್ಪ ನಡೀರಿ’ ಎಂದದ್ದನ್ನು ‘ಸೈಕಲ್ ತಗೊಳ್ಳಿ’ ಎಂದು ಕೇಳಿಸಿಕೊಂಡವರು. ಮಡಚುವ ಸೈಕಲ್ಲೇ ಯಾಕೆ ಎಂದು ಅಪ್ಪಿತಪ್ಪಿ ಕೇಳಿದಿರೋ, ಕೂತುಕೊಳ್ಳಲು ಜಾಗ ಹುಡುಕಿಕೊಳ್ಳಿ. ಫ್ಲ್ಯಾಟಿನಲ್ಲಿ ಜಾಗವಿಲ್ಲ, 2020ರಿಂದ ನಮ್ಮ ಮೆಟ್ರೊದಲ್ಲೂ ಮಡಚಿಕೊಂಡು ಹೋಗಬಹುದು, ಅದೂ ಅಲ್ಲದೆ ಲಂಡನ್ನಿನಲ್ಲಿ ಆಂಡ್ರ್ಯೂ ರಿಚಿ ಎಂಬ ಎಂಜಿನಿಯರು 1970ರ ದಶಕದಲ್ಲಿ ತಾನು ಮಲಗುವ ಕೋಣೆಯಲ್ಲೇ ಇಂಥದೊಂದು ಸೈಕಲ್ ಮಾಡಿದ, ಕಿಟಕಿಯಿಂದ ಬ್ರಾಂಪ್ಟನ್ ಒರಟರಿ ಎಂಬ ಚರ್ಚು ಕಾಣುತ್ತಿದ್ದುದರಿಂದ ಅದಕ್ಕೆ ಬ್ರಾಂಪ್ಟನ್ ಎಂದೇ ಹೆಸರಿಟ್ಟ. ಮಹಾಶಯರ ಬಳಿ ಇರುವುದು ಬ್ರಾಂಪ್ಟನ್ ಅಲ್ಲ. 20 ಇಂಚಿನ ಚಕ್ರದ, 7 ಗೇರಿನ ಸಾಧಾರಣ ಸೈಕಲ್ಲು. ರಿಚಿಯ ಕಥೆ ಮಾತ್ರ ಅದರ ಜೊತೆ ಉಚಿತವಾಗಿ ಬಂದಿದೆ.

ಸೈಕಲ್ ಬಿಚ್ಚುವುದನ್ನೂ ಮಡಚುವುದನ್ನೂ ನೋಡಲು ನಮ್ಮಲ್ಲಿ ಯಾವಾಗಲೂ ಒಬ್ಬಿಬ್ಬರು ಪ್ರೇಕ್ಷಕರು ಇದ್ದೇ ಇರುತ್ತಾರೆ. ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಅಜ್ಜಿಯೊಬ್ಬರು ಸೈಕಲ್ಲು ನಡುಮಧ್ಯೆ ಎರಡಾಗಿದ್ದು ಕಂಡು ಗಾಬರಿಯಾದರು.

‘ಅಯ್ಯೋ, ಮುರ್ದೋಗೈತಲ್ಲಪ್ಪಾ! ಬಿದ್ದು ಗಿದ್ದು ಮಾಡ್ಕೊಂಡ್ಯಾ?’

‘ಇಲ್ಲಜ್ಜಿ, ಇದು ಮಡ್ಚೋ ಸೈಕಲ್ಲು.’

‘ಯಾಕೆ ಮಡಚ್ಬೇಕು?’

ಸುತ್ತ ಅಷ್ಟುದ್ದ ಬಯಲು ಬಿದ್ದಿರುವಾಗ ಈ ಪ್ರಶ್ನೆಗೆ ಉತ್ತರ ಹೇಳುವುದು ಕಷ್ಟ. ಅಜ್ಜಿ ಮುಂದಿನ ಪ್ರಶ್ನೆಗೆ ಹೋದರು: ಎಷ್ಟು ಕೊಟ್ಟೆ? ಮಹಾಶಯರು ಮನೆಯಲ್ಲಿ ಹೇಳಿದ್ದ ಬೆಲೆಯನ್ನೇ ಹೇಳಿದರು, ಅಂದರೆ ಅರ್ಧ. ‘ಅಷ್ಟಕ್ಕೆ ಒಂದು ಸೀಮೆಹಸು ಬತ್ತಿತ್ತಲ್ಲಪ್ಪಾ. ಹಾಲಾದ್ರೂ ಕೊಡ್ತಿತ್ತು’ ಎಂದು ಅಜ್ಜಿ ಹೊರೆ ಸರಿಮಾಡಿಕೊಂಡು ನಡೆದರು.

ಇಷ್ಟು ದೂರ ಬಂದ ಮೇಲೆ ಬೆಟ್ಟ ಹತ್ತುವುದಿಲ್ಲವೇ? ಹತ್ತುವುದಿಲ್ಲ. ಈ ವಾರ ಇಲ್ಲ. ಇನ್ನೊಂದೇ ಒಂದು ಪಾರ್ಟು ಬರಬೇಕು.

ಈ ‘ಇನ್ನೊಂದೇ ಒಂದು’ ಹುಟ್ಟಿದ್ದಕ್ಕೆ ಕಾರಣವಿಲ್ಲದೆ ಇಲ್ಲ. ಆ ಸೈಕಲ್ಲಿಗೆ ಮುಂದೆ 52 ಹಲ್ಲು, ಹಿಂದೆ ಅತಿ ದೊಡ್ಡ ಗೇರಿಗೆ 28. ಚಕ್ರ ಎಷ್ಟೇ ಪುಟ್ಟದಾದರೂ, ಈ ಲೆಕ್ಕದಲ್ಲಿ ಪೆಡಲು ಒಂದು ಸುತ್ತು ಸುತ್ತಿದರೆ ಸೈಕಲ್ಲು ಮೂರು ಮೀಟರಿನ ಹತ್ತಿರ ಮುಂದೆ ಹೋಗುತ್ತದೆ. ಸಮನೆಲದಲ್ಲಿ ಸುಖ. 1,478 ಮೀಟರ್ ಎತ್ತರದ ನಂದಿಯ ತಿರುವುಗಳಲ್ಲಿ ಮೊಣಕಾಲು ಮಾತಾಡಲು ಶುರುಮಾಡುತ್ತದೆ. ಅದೇ 28ರ ಜಾಗದಲ್ಲಿ 34 ಹಲ್ಲಿದ್ದರೆ ಒಂದು ಸುತ್ತಿಗೆ ಎರಡೂವರೆ ಮೀಟರಿಗಿಂತ ಕಡಿಮೆ. ಹತ್ತುವುದು ನಿಧಾನ, ಆದರೆ ಹಗುರ. ಹಾಲಿನ ಕ್ಯಾನು ನೇತುಹಾಕಿಕೊಂಡು ಹೋಗುವ ಹಳೇ ಸೈಕಲ್ಲಿಗೆ ಮುಂದೆ 44, ಹಿಂದೆ 18 ಹಲ್ಲು ಎಂದಿಟ್ಟುಕೊಳ್ಳಿ, ಸುತ್ತಿಗೆ ಐದು ಮೀಟರ್ ಮೀರುತ್ತದೆ. ಅದರ ಸವಾರ ಏರು ಬಂದ ಕಡೆ ಇಳಿದು ತಳ್ಳುತ್ತಾನೆ. ಮಹಾಶಯರಿಗೆ ಇಳಿದು ತಳ್ಳುವುದೆಂದರೆ ಮರ್ಯಾದೆಯ ಪ್ರಶ್ನೆ. ಹೆಲ್ಮೆಟ್ಟು, ಕೈಗವಸು, ಕಪ್ಪು ಕನ್ನಡಕ ಹಾಕಿಕೊಂಡು ತಳ್ಳುವುದು ನೋಡಲು ಚೆನ್ನಾಗಿಯೂ ಇರುವುದಿಲ್ಲ.

ಆದ್ದರಿಂದ ಅವರು ಚಿಕ್ಕಬಳ್ಳಾಪುರದ ಸೈಕಲ್ ಶಾಪಿಗೆ ಹೋದರು. ಅಂಗಡಿಯವನು ಹಿಂದಿನ ಚಕ್ರ ಎತ್ತಿ ಒಮ್ಮೆ ತಿರುಗಿಸಿ ನೋಡಿದ.

‘ಸಾರ್, ನಿಮ್ದು ಥ್ರೆಡ್ ಹಬ್ಬು. ಇದೇ ಹಬ್ಬಿಗೆ 34 ಹಲ್ಲಿನ ಫ್ರೀವೀಲ್ ಕೂರುತ್ತೆ, ತರಿಸಿಡ್ತೀನಿ. ಚೈನು ಸ್ವಲ್ಪ ಉದ್ದ ಮಾಡ್ಬೇಕು, ಅಷ್ಟೇ. ಮುಂದಿನ ವಾರ ಬಂದು ಒಂದು ಟೀ ಕುಡಿಯೋಷ್ಟ್ರಲ್ಲಿ ಮುಗಿಯುತ್ತೆ.’

‘ಫ್ರೀವೀಲಾ? ಅಣ್ಣಾ, ಅದೆಲ್ಲಾ ಹಳೇ ಕಾಲದ್ದು. ಕ್ಯಾಸೆಟ್ ಹಾಕ್ಸೋಣ ಅಂತಿದೀನಿ.’

ಕಡಿಮೆ ದುಡ್ಡಿನ ಪರಿಹಾರವನ್ನು ಮಹಾಶಯರು ನಂಬುವುದಿಲ್ಲ. ಟೀ ಕುಡಿಯುವಷ್ಟರಲ್ಲಿ ಮುಗಿಯುವ ಕೆಲಸದಲ್ಲಿ ಅವರಿಗೆ ರುಚಿಯಿಲ್ಲ. ಫ್ರೀವೀಲೆಂದರೆ ಹಲ್ಲುಗಳ ಗೊಂಚಲೇ ಚಕ್ರದ ನಡುವಿನ ಹಬ್ಬಿನ ಮರೆಗೆ ತಿರುಗಿಸಿ ಕೂರಿಸುವಂಥದು. ಕ್ಯಾಸೆಟ್ಟಿಗೆ ಬೇರೆಯದೇ ಹಬ್ಬು ಬೇಕು. ಹಬ್ಬು ಬದಲಾದರೆ ಚಕ್ರವನ್ನು ಹೊಸದಾಗಿ ಕಟ್ಟಬೇಕು. ಕಟ್ಟಲು 20 ಇಂಚಿನ ಅಳತೆಗೆ ಒಪ್ಪುವ ಗಿಡ್ಡ ಕಡ್ಡಿಗಳು ಬೇಕು. ಕ್ಯಾಸೆಟ್ಟು 9 ಗೇರಿನದಾದ್ದರಿಂದ ಕೈಯಲ್ಲಿ ಒತ್ತುವ ಶಿಫ್ಟರೂ 9ರದೇ ಬೇಕು, ಚೈನು ಇನ್ನೂ ಸಣ್ಣದು ಬೇಕು. ಚೈನನ್ನು ಹಲ್ಲಿನಿಂದ ಹಲ್ಲಿಗೆ ದಾಟಿಸುವ ಡಿರೇಲರ್ ಉದ್ದ ತೋಳಿನದು ಬೇಕು. ಚಕ್ರ ಪುಟ್ಟದು, ತೋಳು ಉದ್ದ. ಹೊಸ ಡಿರೇಲರ್ ನೆಲಕ್ಕೆ ಮುತ್ತಿಡುವಷ್ಟು ಕೆಳಗೆ ಜೋತುಬಿತ್ತು. ನಮ್ಮೂರ ಹಂಪುಗಳು ಯಾವ ಇಲಾಖೆಯ ನಕ್ಷೆಗೂ ಬಗ್ಗಿದವಲ್ಲ, ಆದ್ದರಿಂದ ಈಗ ಹಂಪು ಬಂದ ಕಡೆಯೆಲ್ಲ ಮಹಾಶಯರು ಇಳಿದು ಸೈಕಲ್ಲನ್ನು ಎತ್ತಿ ದಾಟಿಸುತ್ತಾರೆ. ತಳ್ಳುವುದಿಲ್ಲವಲ್ಲ.

ಪಾರ್ಸೆಲ್ಲುಗಳು ಮನೆಗೆ ಬರುವುದಿಲ್ಲ, ಆಫೀಸಿಗೆ ಬರುತ್ತವೆ. ಪ್ರತಿಯೊಂದನ್ನೂ ಬೆಲ್ಲ ತೂಗುವ ತಕ್ಕಡಿಯಲ್ಲಿಟ್ಟು ತೂಕ ಬರೆದುಕೊಳ್ಳುತ್ತಾರೆ. ಕೆಲವು ತಿಂಗಳ ನಂತರ ಎಲ್ಲ ಜೋಡಣೆಯಾಯಿತು. 11ರಿಂದ 34 ಹಲ್ಲಿನವರೆಗಿನ, 9 ಗೇರಿನ, ಹೊಳೆಯುವ ಕ್ಯಾಸೆಟ್ಟು. ಗಮನಿಸಿದಿರಾ? ಅತಿ ದೊಡ್ಡ ಗೇರು 34. ಅಂಗಡಿಯವನು ಟೀ ಕುಡಿಯುವಷ್ಟರಲ್ಲಿ ಹಾಕಿಕೊಡುತ್ತೇನೆಂದ ಫ್ರೀವೀಲಿನದೂ ಅದೇ 34. ಹೊಸದಾಗಿ ಸಿಕ್ಕ ಲಾಭವೆಲ್ಲ ಇನ್ನೊಂದು ತುದಿಯಲ್ಲಿ: ಮೊದಲು 14 ಹಲ್ಲಿದ್ದ ಕಡೆ ಈಗ 11, ಪೆಡಲಿನ ಒಂದು ಸುತ್ತಿಗೆ ಸುಮಾರು 6 ಮೀಟರ್ ಬದಲು ಏಳೂವರೆ. ಇದು ಉಪಯೋಗಕ್ಕೆ ಬರುವುದು ಬೆಟ್ಟ ಇಳಿಯುವಾಗ. ಇಳಿಯುವಾಗ ಪೆಡಲು ತುಳಿಯುವ ಅಗತ್ಯವೇ ಇಲ್ಲ.

ಇದನ್ನು ಯಾರೂ ಅವರಿಗೆ ಹೇಳಲಿಲ್ಲ. ಹೇಳುವಷ್ಟರಲ್ಲಿ ಬೇರೆಯದೇ ಪೇಚಾಟ ಶುರುವಾಗಿತ್ತು. ಹೊಸ ಹಬ್ಬಿನ ಅಚ್ಚಿನ ತುದಿ ಒಂದಿಷ್ಟು ಹೊರಕ್ಕೆ ಬಂದದ್ದರಿಂದ, ಮಡಚಿದಾಗ ಎರಡು ಚಕ್ರಗಳನ್ನು ಹಿಡಿದಿಡುವ ಅಯಸ್ಕಾಂತಗಳು ಒಂದರ ಮುಖ ಒಂದು ನೋಡದಾದವು. ಹೊಸ ಗೇರಿನ ಕೇಬಲ್ಲು ಗಿಡ್ಡವಾಗಿ, ಮಡಿಕೆ ಅರ್ಧಕ್ಕೇ ನಿಂತಿತು. ಮಡಚುವ ಸೈಕಲ್ಲು ಮಡಚುವುದನ್ನು ಬಿಟ್ಟಿತು. ಈಗ ಅದನ್ನು ಪಂಕ್ಚರಾದ ಹಳೇ ಟ್ಯೂಬಿನಿಂದ ಬಿಗಿದು ಕಟ್ಟಿ ತರುತ್ತಾರೆ. ಡಿಕ್ಕಿಯಲ್ಲಿ ಹಿಡಿಸದ ಕಾರಣ ದೊಡ್ಡ ಕಾರು ನೋಡುತ್ತಿದ್ದಾರೆ. ಬಿಚ್ಚಿದ ಹಳೇ ಚಕ್ರವನ್ನು ಅಂಗಡಿಯಲ್ಲೇ ಬಿಟ್ಟಿದ್ದರು. 20 ಇಂಚು ಮಕ್ಕಳ ಸೈಕಲ್ಲಿನ ಅಳತೆಯೇ ಆದ್ದರಿಂದ ಅಂಗಡಿಯವನು ಅದನ್ನು ಯಾವುದೋ ಹುಡುಗನ ಸೈಕಲ್ಲಿಗೆ ಹಾಕಿಕೊಟ್ಟ. ಆ ಚಕ್ರ ದಿನಾ ಸ್ಕೂಲಿಗೆ ಹೋಗಿಬರುತ್ತಿದೆ.

ಮಹಾಶಯರಲ್ಲಿ ಭಕ್ತಿಯೂ ಉಂಟು. ಮುದ್ದೇನಹಳ್ಳಿಗೆ ಬಂದವರು ವಿಶ್ವೇಶ್ವರಯ್ಯನವರ ಸ್ಮಾರಕಕ್ಕೆ ಕೈಮುಗಿಯದೆ ಹೋಗುವುದಿಲ್ಲ. ಸೆಪ್ಟೆಂಬರ್ 15, ಎಂಜಿನಿಯರುಗಳ ದಿನ, ಅವರಿಗೆ ಹಬ್ಬ. ಅಲ್ಲಿ ಸೈಕಲ್ಲು ಒರಗಿಸಿ ಫೋಟೊ ತೆಗೆದುಕೊಂಡ ಮೇಲೆ ಸಿಕ್ಕವರಿಗೆ ಹೇಳುತ್ತಾರೆ: ‘ಸರ್ ಎಂ.ವಿ. ಮಾಡಿದ್ದೂ ಅಪ್‌ಗ್ರೇಡೇ ಅಲ್ವಾ? ಪುಣೆ ಹತ್ರ ಖಡಕ್ವಾಸ್ಲಾದಲ್ಲಿ ಅಣೆಕಟ್ಟೆ ಎತ್ತರಿಸದೇನೇ ಜಾಸ್ತಿ ನೀರು ನಿಲ್ಲಿಸಿದ್ರು.’ ಮಾತು ಸುಳ್ಳಲ್ಲ. ನೀರು ಗೊತ್ತಾದ ಮಟ್ಟಕ್ಕೆ ಏರಿದ ಕೂಡಲೇ ತಾವಾಗಿ ತೆರೆದುಕೊಂಡು, ಇಳಿದರೆ ಮುಚ್ಚಿಕೊಳ್ಳುವ ಬಾಗಿಲುಗಳನ್ನು ಅವರು ರೂಪಿಸಿದರು. 1903ರಲ್ಲಿ ಅಲ್ಲಿ ಕೂರಿಸಿದರು. ಇದ್ದ ಕಟ್ಟೆ ಇದ್ದಂತೆಯೇ ಇತ್ತು, ನೀರು ಮಾತ್ರ ಹೆಚ್ಚಿತು. ಮಹಾಶಯರ ಕಾರ್ಖಾನೆಯಲ್ಲಿ ಎಲ್ಲವೂ ಬದಲಾಗಿ, ಹತ್ತುವ ಗೇರು ಅದೇ 34. ಆದರೂ ಹೋಲಿಕೆ ಹೇಳುವಾಗ ಅವರ ಕಣ್ಣಲ್ಲಿ ನಿಜವಾದ ಹೊಳಪು ಇರುತ್ತದೆ. ಹಲ್ಲಿನ ಲೆಕ್ಕ, ಅಚ್ಚಿನ ಅಳತೆ, ಚೈನಿನ ಅಗಲ ಇದೆಲ್ಲ ಅವರಿಗೆ ಬಾಯಿಪಾಠ. ದಿನವಿಡೀ ಪರದೆಯ ಮೇಲೆ ಕೈಗೆ ಸಿಗದ ಕೆಲಸ ಮಾಡುವವರಿಗೆ ಉಗುರಿನೊಳಗೆ ಒಂದಿಷ್ಟು ಗ್ರೀಸು ಸೇರಿದರೆ ಆಗುವ ಸಂತೋಷವನ್ನು ನಾನು ಅಲ್ಲಗಳೆಯುವುದಿಲ್ಲ. ಅದಕ್ಕೆ ಸೈಕಲ್ಲು ನೆಪವಾಗಿದ್ದರೆ ಬೆಟ್ಟವೇನೂ ಬೇಸರಪಟ್ಟುಕೊಂಡಿಲ್ಲ.

ಮಡಚುವ ಸೈಕಲ್ಲು ಇಟ್ಟುಕೊಂಡಿರುವ, ಇನ್ನೂ ಪಾರ್ಟಿನ ಗುಂಗು ಹಿಡಿಯದ ಓದುಗರಿಗೆ ಮಾತ್ರ ಒಂದು ಸುದ್ದಿ. 1915ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಬೆಂಗಳೂರಿನಿಂದ ಚಿಕ್ಕಬಳ್ಳಾಪುರಕ್ಕೆ ಸಣ್ಣ ಹಳಿಯ ರೈಲು ಬಂತು. ಹಳಿ ಈಗ ಅಗಲವಾಗಿದೆ, ದಾರಿಯಲ್ಲಿ ನಂದಿ ಹಾಲ್ಟ್ ಎಂಬ ಪುಟ್ಟ ಸ್ಟೇಷನ್ನೂ ಇದೆ. ಸೈಕಲ್ಲನ್ನು ಮಡಚಿಕೊಂಡು ರೈಲು ಹತ್ತಿ, ಅಲ್ಲಿ ಇಳಿದು, ಭೋಗನಂದೀಶ್ವರನನ್ನು ನೋಡಿಕೊಂಡು ಮುದ್ದೇನಹಳ್ಳಿಗೆ ತುಳಿದುಕೊಂಡು ಬನ್ನಿ. ಕಂಪನಿ ಕೊಟ್ಟ ಗೇರು ಧಾರಾಳವಾಗಿ ಸಾಕು. ಬೆಟ್ಟವನ್ನೂ ಹತ್ತಲೇಬೇಕೆಂದರೆ ಹಬ್ಬು ಎಂಥದೆಂದು ಮೊದಲು ನೋಡಿಸಿ. ಥ್ರೆಡ್ ಹಬ್ಬಾದರೆ 34 ಹಲ್ಲಿನ ಫ್ರೀವೀಲ್ ಒಂದನ್ನು ಹಾಕಿಸಿಕೊಳ್ಳಿ. ಬೆಲೆ ಕೇಳಿ ಮಾತ್ರ ಮನಸ್ಸಿಗೆ ಹಚ್ಚಿಕೊಳ್ಳಬೇಡಿ: ತೀರಾ ಕಡಿಮೆ.